ಒಂದು ಬೇಸಿಗೆ ಕಾಣದ ಮರ

ತೆರಕಣಾಂಬಿಯಲ್ಲಿ ಬಸ್ಸಿಳಿದು ಮಹಾಲಿಂಗನ ಮನೆ ಎಲ್ಲಿ ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಪ್ರಶ್ನೆ ಬರುತ್ತದೆ. "ಯಾವ್ ಮಾಲಿಂಗ? ನೀರ್ ಬುಡೋ ಮಾಲಿಂಗನಾ, ಭರಣಿ ಮಾಲಿಂಗನಾ?" ಯಾವುದು ಹೇಳಿದರೂ ತೋರಿಸುವ ಮನೆ ಒಂದೇ. ಬೆಳಗಿನ ಹೊತ್ತು ಅವನು ಪಂಚಾಯಿತಿಯ ನೀರು ಬಿಡುವವನು. ಉದ್ದನೆಯ ಕಬ್ಬಿಣದ ಕೀಲಿಯನ್ನು ಹೆಗಲಿಗೇರಿಸಿಕೊಂಡು ಬೀದಿಯಿಂದ ಬೀದಿಗೆ ಹೋಗಿ ವಾಲ್ವು ತಿರುಗಿಸುತ್ತಾನೆ. ಮಧ್ಯಾಹ್ನ ಉಂಡೆದ್ದ ಮೇಲೆ ಮನೆಯ ಹಿಂಗೋಡೆಗೆ ಇಳಿಸಿದ ಹೆಂಚಿನ ಮಾಡಿನ ಇಳಿಜಾರಿನಲ್ಲಿ ಕುಳಿತು ಮರ ಕಡೆಯುತ್ತಾನೆ. ಆ ಇಳಿಜಾರು ಮೊದಲು ದನದ ಕೊಟ್ಟಿಗೆಯಾಗಿತ್ತು. ಈಗ ಅಲ್ಲಿ ಮರ ತಿರುಗಿಸಿ ಕಡೆಯುವ ಒಂದು ಲೇತು, ಹಳೆಯ ಹಿಟ್ಟಿನ ಗಿರಣಿಯಿಂದ ತಂದ ಒಂದು ಮೋಟಾರು, ಸಾಲಾಗಿ ಸಿಕ್ಕಿಸಿದ ಉಳಿಗಳು. ಗೋಡೆಯ ಮೂಲೆಯಲ್ಲಿ ಮಾತ್ರ ಹಸುವಿನ ಗೂಟ ಹಾಗೇ ಉಳಿದಿದೆ.

ಹುಡುಗನಾಗಿದ್ದಾಗ ಚನ್ನಪಟ್ಟಣದ ಕಡೆ ಹೋಗಿ ಕೆಲವು ವರ್ಷ ಒಬ್ಬ ಮುದುಕನ ಕೈಕೆಳಗೆ ದುಡಿದು ಕಲಿತ ಕೆಲಸ ಅದು. ಮುದುಕ ಕಲಿಸಿದ್ದು ಹೆಚ್ಚು, ಹೇಳಿದ್ದು ಕಡಿಮೆ. ಹೇಳಿದ ಒಂದು ಮಾತು ಮಾತ್ರ ಮಹಾಲಿಂಗನ ಬಾಯಲ್ಲಿ ದೇವರ ನಾಮದ ಹಾಗೆ ನಿಂತಿತ್ತು: "ಒಂದು ಬೇಸಿಗೆ ಕಾಣದ ಮರಕ್ಕೆ ಉಳಿ ಮುಟ್ಟಿಸಬೇಡ." ಹಾಲೆಮರದ ಕೊಂಬೆ ತಂದರೆ ತುದಿಗೆ ಸಗಣಿ ಮೆತ್ತಿ ಅಟ್ಟದ ಮೇಲೆ ಒಲೆಯ ಹೊಗೆ ಸೋಕುವಂತೆ ಇಡಬೇಕು. ಬೇಸಿಗೆ ಪೂರ್ತಿ ಅದರ ಮೇಲೆ ಹಾದು ಹೋಗಬೇಕು. ಇಳಿಸಿದ ಮೇಲೆ ಕೆನ್ನೆಗೆ ಒತ್ತಿ ನೋಡಬೇಕು. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ ಎಂದರ್ಥ, ಮತ್ತೆ ಅಟ್ಟಕ್ಕೆ.

ಮಹಾಲಿಂಗ ಹೆಸರು ಮಾಡಿದ್ದು ಕುಂಕುಮದ ಭರಣಿಯಲ್ಲಿ. ಮುಚ್ಚಳ, ತಳ ಎರಡನ್ನೂ ಒಂದೇ ತುಂಡಿನಿಂದ ಕಡೆಯುತ್ತಿದ್ದ. ಮುಚ್ಚಿದರೆ ಮರದ ಗೆರೆ ಮೇಲಿನಿಂದ ಕೆಳಗೆ ತಪ್ಪದೆ ಹರಿದು ಹೋಗಬೇಕು, ತೆಗೆದರೆ 'ಪುಕ್' ಅನ್ನಬೇಕು. ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿ, ತಾಳೆಗರಿಯಲ್ಲಿ ಉಜ್ಜಿದರೆ ಮುಖ ಕಾಣುವಂಥ ಹೊಳಪು. ಭರಣಿಯ ಮೇಲೆ ಹೆಸರು ಬರೆಯುವವಳು ಅವನ ಹೆಂಡತಿ ಯಶೋದಮ್ಮ. ಹತ್ತನೇ ತರಗತಿ ಓದಿದವಳು, ಮುತ್ತಿನಂಥ ಅಕ್ಷರ. ಹೆಸರಿಗೆಂದು ಬಿಟ್ಟ ಪಟ್ಟಿಯಲ್ಲಿ, ಸುತ್ತ ಅರಗು ಬೀಳುವ ಮೊದಲೇ, ರೇಡಿಯೋ ರಿಪೇರಿಯವರು ಇಟ್ಟುಕೊಳ್ಳುವಂಥ, ಕರೆಂಟಿನಲ್ಲಿ ಕಾಯುವ ಕಡ್ಡಿಯಿಂದ ಬರಿಮರದ ಮೇಲೆ ಸುಟ್ಟು ಬರೆಯುತ್ತಿದ್ದಳು. ಗುಂಡ್ಲುಪೇಟೆಯ ಅಂಗಡಿಯವರು ಒಯ್ಯುತ್ತಿದ್ದರು. ಊಟಿಗೂ ಕೇರಳಕ್ಕೂ ಹೋಗುವ ಕಾರಿನವರು ಅಲ್ಲಿ ಟೀ ಕುಡಿಯಲು ಇಳಿದಾಗ ನೋಡಿ, ಮಗಳ ಹೆಸರು, ಮದುವೆಯಾದವರ ಜೋಡಿ ಹೆಸರು ಚೀಟಿಯಲ್ಲಿ ಬರೆದುಕೊಟ್ಟು ಹೋಗುತ್ತಿದ್ದರು. ಮಲಯಾಳದ ಅಕ್ಷರವಾದರೂ ಯಶೋದಮ್ಮ ರಂಗೋಲಿಯ ಹಾಗೆ ನೋಡಿಕೊಂಡು ಇಳಿಸಿಬಿಡುತ್ತಿದ್ದಳು.

"ನನ್ ಮರ ಸೀಳಲ್ಲ ಕಣ" ಎಂದು ಮಹಾಲಿಂಗ ಹೇಳಿಕೊಳ್ಳುತ್ತಿದ್ದ. ಟೀ ಅಂಗಡಿಯಲ್ಲೂ ಹೇಳುತ್ತಿದ್ದ, ನಲ್ಲಿಯ ಹತ್ತಿರವೂ ಹೇಳುತ್ತಿದ್ದ. ಕೇಳದೆಯೂ ಹೇಳುತ್ತಿದ್ದ.

ಎರಡು ಸಾವಿರದ ಐದನೇ ಇಸವಿಯ ಮಳೆಗಾಲ. ಊರಿನ ಹೆಂಗಸರ ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ ಮಹಾಲಕ್ಷ್ಮಮ್ಮ ಸಂಘದ ನಾಲ್ಕಾರು ಜನರನ್ನು ಕಟ್ಟಿಕೊಂಡು ಇಳಿಜಾರಿಗೆ ಬಂದಳು. ಗೌರಿ ಹಬ್ಬಕ್ಕೆ ಸಂಘದ ಪ್ರತಿಯೊಬ್ಬಳಿಗೂ ಅವಳವಳ ಹೆಸರಿನ ಭರಣಿ ಬೇಕು. ಆ ವರ್ಷ ಮದುವೆಯಾಗಿ ಹೋದ ಊರಿನ ಹೆಣ್ಣುಮಕ್ಕಳಿಗೆ ತವರಿನಿಂದ ಹೋಗುವ ಮೊದಲ ಬಾಗಿನದಲ್ಲೂ ಒಂದೊಂದು ಇಡಬೇಕು.

"ಬೇರೆ ಯಾರ ಕೈಲೂ ಆಗಲ್ಲ ಅಂತ ನಾನೇ ಯೋಳ್ಬುಟ್ಟೆ ಕಣ ಮಾಲಿಂಗ" ಎಂದಳು ಮಹಾಲಕ್ಷ್ಮಮ್ಮ, ಎಲ್ಲರಿಗೂ ಕೇಳುವಂತೆ. "ಟೌನಿಂದ ಸ್ಟೀಲ್ ಡಬ್ಬಿ ತರನ ಅಂದ್ರು. ನಮ್ಮೂರ್ ಕೈ ಇರುವಾಗ ಸ್ಟೀಲ್ ಯಾಕ್ರೀ ಅಂದೆ."

ಮಹಾಲಿಂಗ ಅಟ್ಟದ ಕಡೆ ನೋಡಿದ. ಒಣಗಿದ ಮರ ಮುಗಿದು ಹೋಗಿತ್ತು. ಅಲ್ಲಿದ್ದದ್ದು ಆಷಾಢದಲ್ಲಿ ತಂದ ಕೊಂಬೆಗಳು. ಮರ ಇಲ್ಲ, ಮುಂದಿನ ವರ್ಷ ನೋಡೋಣ ಎಂದಿದ್ದರೆ ಮುಗಿಯುತ್ತಿತ್ತು. ಯಾರೂ ಬೇಸರಪಡುತ್ತಿರಲಿಲ್ಲ. ಆದರೆ ಹೊಗಳಿಕೆ ಕಿವಿಗೆ ಬಿದ್ದ ಬಿಸಿಯಲ್ಲಿ, ಅಷ್ಟು ಜನ ಹೆಂಗಸರು ನಿಂತು ನೋಡುತ್ತಿರುವಾಗ, ಇಲ್ಲ ಎನ್ನುವ ಮಾತು ಅವನ ಬಾಯಿಗೆ ಬರಲಿಲ್ಲ.

"ಆಯ್ತದೆ ಬುಡಿ" ಎಂದುಬಿಟ್ಟ.

ಹಸಿ ಮರ ಉಳಿಗೆ ಎಷ್ಟು ಸಲೀಸು ಅನ್ನುವುದು ಕಡೆದವರಿಗೇ ಗೊತ್ತು. ಒಣ ಮರ ಪುಡಿ ಉದುರಿಸುತ್ತದೆ, ಉಳಿಯನ್ನು ತಿನ್ನುತ್ತದೆ. ಹಸಿ ಮರ ಬೆಣ್ಣೆಯ ಹಾಗೆ, ಉದ್ದುದ್ದ ಸುರುಳಿಯಾಗಿ ಬಿಚ್ಚಿಕೊಂಡು ಮಡಿಲಿಗೆ ಬೀಳುತ್ತದೆ. ಭರಣಿಗಳು ಬೇಗ ಬೇಗ ಸಾಲುಗಟ್ಟಿದವು. ಅವನು ಯಾವುದನ್ನೂ ಕೆನ್ನೆಗೆ ಒತ್ತಿ ನೋಡಲಿಲ್ಲ.

ಯಶೋದಮ್ಮ ಮೊದಲ ಹೆಸರು ಬರೆಯಲು ಕಾದ ಕಡ್ಡಿ ಇಟ್ಟಾಗ ಮರ 'ಚುಯ್' ಎಂದಿತು. ಎಳೆಯಾಗಿ ಆವಿ ಎದ್ದಿತು.

"ರೀ, ಇದು ಚುಯ್ ಅಂತದೆ" ಎಂದಳು.

"ಅನ್ಲಿ ಬುಡು."

"ಒಳಗ್ ನೀರದೆ ಕಣ್ರೀ. ನಿಮ್ ಮುದ್ಕಪ್ಪ ಏನಂದಿದ್ದ?"

"ಮ್ಯಾಲೆ ಅರಗು ಬಿದ್ರೆ ನೀರು ಎಲ್ಲಿಗೋದದು? ಬರಿ ಬರಿ, ಅಬ್ಬ ಬಂತು."

ಯಶೋದಮ್ಮ ಮುಂದಿನ ಭರಣಿ ಎತ್ತಿಕೊಂಡಳು. ಪ್ರತಿ ಹೆಸರಿಗೂ ಮರ ಚುಯ್ ಎನ್ನುತ್ತಲೇ ಇತ್ತು. ಕೊನೆಯ ಭರಣಿ ಅವಳದೇ, ಅವಳೂ ಸಂಘದವಳೇ. ತನ್ನ ಹೆಸರನ್ನೂ ಆ ಸದ್ದಿನಲ್ಲೇ ಬರೆದುಕೊಂಡಳು.

ಹಬ್ಬ ಚೆನ್ನಾಗಿಯೇ ಆಯಿತು. ಭರಣಿಗಳು ಮನೆ ಮನೆಯ ದೇವರ ಗೂಡು ಸೇರಿದವು. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳ ಬಾಗಿನದ ಮೊರದಲ್ಲಿ ಕುಳಿತು ಬಸ್ಸೇರಿ ಹೋದವು. ಅವುಗಳಲ್ಲಿ ಒಂದು ಚಂದಕವಾಡಿಗೆ ಹೋಯಿತು. ಮಹಾಲಿಂಗನ ಹಿಂದಿನ ಬೀದಿಯ ಚಿಕ್ಕನಿಂಗಮ್ಮನ ಮಗಳು ಭಾನುವನ್ನು ಆ ಬೇಸಿಗೆಯಲ್ಲೇ ಅಲ್ಲಿಗೆ ಕೊಟ್ಟಿದ್ದರು. ಚಿಕ್ಕನಿಂಗಮ್ಮ ತಾನೇ ಮೊರ ಹೊತ್ತು ಹೋಗಿ ಕೊಟ್ಟು ಬಂದು, "ಬೀಗಿತ್ತಿ ತಿರುಗ್ಸಿ ತಿರುಗ್ಸಿ ನೋಡುದ್ಲು ಕಣಪ್ಪ" ಎಂದು ನಲ್ಲಿಯ ಹತ್ತಿರ ಹೇಳಿದಳು. ಮಹಾಲಿಂಗ ಕೀಲಿಯನ್ನು ಹೆಗಲಿನಿಂದ ಹೆಗಲಿಗೆ ಬದಲಾಯಿಸಿಕೊಂಡು, "ನನ್ ಮರ ಸೀಳಲ್ಲ" ಎಂದ. ಅವತ್ತೂ ಎಂದ.

ಮಳೆ ಹೋಯಿತು. ಕಾರ್ತಿಕ ಕಳೆದು ಒಣಗಾಳಿ ಶುರುವಾಯಿತು. ತುಟಿ ಒಡೆಯುವ, ಹಿಮ್ಮಡಿ ಬಿರಿಯುವ ಗಾಳಿ. ಆ ಗಾಳಿ ಬೀಸಿದಾಗ ಮಹಾಲಿಂಗನಿಗೆ ಒಳಗೊಳಗೇ ಅಳುಕು. ನೀರು ಬಿಡುವಾಗ ಯಾವ ಹೆಂಗಸಾದರೂ ಹತ್ತಿರ ಬಂದರೆ, ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಾಯುತ್ತಿದ್ದ. ಯಾರೂ ಏನೂ ಹೇಳಲಿಲ್ಲ. ಸಂಕ್ರಾಂತಿಯ ಎಳ್ಳು ಬೀರಲು ಬಂದವರೂ ಹೇಳಲಿಲ್ಲ. ಅರಗು ಹಿಡಿದಿದೆ, ಮುದುಕನದು ಬರೀ ಮಡಿವಂತಿಕೆ ಎಂದುಕೊಂಡು ನಿರಾಳವಾದ.

ಸಂಕ್ರಾಂತಿ ಕಳೆದ ವಾರದಲ್ಲಿ ಭಾನು ತವರಿಗೆ ಬಂದಳು. ಬಂದವಳು ಹೋಗಲಿಲ್ಲ. ಬೆಳಗ್ಗೆ ಬೀದಿ ನಲ್ಲಿಗೆ ಬಿಂದಿಗೆ ಹಿಡಿದು ಬರುತ್ತಿದ್ದಳು, ತಲೆ ಬಗ್ಗಿಸಿ ತುಂಬಿಕೊಂಡು ಹೋಗುತ್ತಿದ್ದಳು. ಅವಳ ಗಂಡ ಶಿವಮಲ್ಲು ಚಾಮರಾಜನಗರದ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡು ಮಲಗಿದ್ದಾನೆ ಎನ್ನುವ ಸುದ್ದಿ ಊರಿಗೆ ಬಂದಿತ್ತು. ಗಂಡ ಹಾಸಿಗೆ ಹಿಡಿದಾಗ ಹೆಂಡತಿ ತವರಲ್ಲೇಕೆ? ಕೇಳಿದರೆ ಚಿಕ್ಕನಿಂಗಮ್ಮ, "ಅವ್ಳಿಗೂ ಮೈ ಸರಿಯಿಲ್ಲ ಕಣಪ್ಪ" ಎಂದು ಬಿಂದಿಗೆಯನ್ನು ಸೊಂಟಕ್ಕೇರಿಸಿ ನಡೆದುಬಿಡುತ್ತಿದ್ದಳು.

ಒಂದು ಮಧ್ಯಾಹ್ನ ಭಾನು ಇಳಿಜಾರಿಗೆ ಬಂದಳು. ಸೆರಗಿನಲ್ಲಿ ಏನೋ ಸುತ್ತಿಕೊಂಡಿದ್ದಳು. ಮಹಾಲಿಂಗ ಮೋಟಾರು ನಿಲ್ಲಿಸಿದ. ಅವಳು ಹಿಂದೆ ಮುಂದೆ ನೋಡಿ ಸೆರಗು ಬಿಚ್ಚಿದಳು. ಭರಣಿ. ಬಾಯಿಂದ ತಳದವರೆಗೆ ಸೀಳಿತ್ತು. ಸೀಳು ಸರಿಯಾಗಿ 'ಭಾನು' ಎನ್ನುವ ಹೆಸರಿನ ನಡುವೆ ಹಾದು, ಎರಡು ಅಕ್ಷರವನ್ನು ಎರಡು ಕಡೆ ಮಾಡಿತ್ತು.

"ಅಣ್ಣಾ, ಇದ್ಕೆ ಅಂಟ್ ಆಕಿ, ಕಾಣ್ದಂಗೆ ಮಾಡ್ಕೊಡ್ತೀರಾ? ಊರಲ್ಲಿ ಯಾರ್ಗೂ ಯೋಳ್ಬ್ಯಾಡಿ."

ಬಳೆ ಒಡೆದರೆ 'ಬಳೆ ಹೆಚ್ಚಿತು' ಎನ್ನುವ ಜನ ನಮ್ಮವರು. ಮುತ್ತೈದೆಯ ಸಾಮಾನು ಒಡೆಯಿತು, ಸೀಳಿತು ಎಂದು ಬಾಯಲ್ಲಿ ಆಡುವುದೂ ಇಲ್ಲ, ಆಚೆಯವರಿಗೆ ತೋರಿಸುವುದೂ ಇಲ್ಲ. ಭಾನುವೂ ಅದನ್ನೇ ಮಾಡಿದ್ದಳು. ಧನುರ್ಮಾಸದಲ್ಲಿ ಭರಣಿ ಸೀಳಿದ್ದು ಕಂಡು ಹೆದರಿ, ಕುಂಕುಮವನ್ನು ಸ್ಟೀಲ್ ಡಬ್ಬಿಗೆ ಸುರಿದುಕೊಂಡು, ಇದನ್ನು ಟ್ರಂಕಿನ ತಳದಲ್ಲಿ ಸೀರೆಯ ಕೆಳಗೆ ಬಚ್ಚಿಟ್ಟಿದ್ದಳು. ಶಿವಮಲ್ಲು ಬಿದ್ದ ದಿನ ಆಸ್ಪತ್ರೆಗೆ ಹಳೆ ಬಟ್ಟೆ ಬೇಕೆಂದು ಅತ್ತೆ ಈರಮ್ಮ ಟ್ರಂಕಿಗೆ ಕೈ ಹಾಕಿದಳು. ಕೈಗೆ ಸಿಕ್ಕಿದ್ದು ಭರಣಿ.

"ತವ್ರಿಂದ ಸೀಳಿದ್ ಭರಣಿ ತಂದು ನನ್ ಮಗನ್ ಕಾಲ್ ಮುರುದ್ಲು ಅಂದ್ರು. ಬಚ್ಚಿಟ್ಟಿದ್ಯಲ್ಲ, ಅಂಗಾರೆ ನಿಂಗ್ ಮೊದ್ಲೇ ಗೊತ್ತಿತ್ತು ಅಂದ್ರು" ಎಂದಳು ಭಾನು. "ನಮ್ಮನೆಯೋರೂ ಸುಮ್ನೆ ಮಲ್ಗವ್ರೆ, ಬ್ಯಾಡ ಅನ್ನಿಲ್ಲ. ಇದು ನೆಟ್ಟಗಾಗಗಂಟ ವಸ್ಲು ತುಳೀಬ್ಯಾಡ ಅಂತ ಅತ್ತೆ ಅಂದವ್ರೆ." ಮೂಗೊರೆಸಿಕೊಂಡಳು. "ನಂದೇ ತಪ್ಪು ಅನ್ನಿಸ್ತದೆ ಅಣ್ಣ. ಒಲೆ ಇರೋ ಕಡೆ ಮಡಗಿದ್ನೇನೋ. ಬಿಸಿ ತಾಕ್ತೇನೋ. ಅಲ್ವಾ?"

ಮಹಾಲಿಂಗ ಆ ಸೀಳನ್ನು ನೋಡಿದ. ಅದು ಬೆಂಕಿಯ ಸೀಳಲ್ಲ ಎಂದು ಅವನ ಹೆಬ್ಬೆರಳಿಗೇ ಗೊತ್ತಾಯಿತು. ಹೇಳಬೇಕಾದದ್ದು ಒಂದೇ ಮಾತು. ಆ ಮಾತು ನಾಲಿಗೆಯ ತುದಿಗೆ ಬಂತು, ಅಲ್ಲಿಂದ ಹೊರಳಿತು.

"ಊಂ" ಎಂದ. "ಬಿಸಿ ತಾಕಿದ್ರೂ ಇರ್ಬೋದು ಕಣವ್ವ. ಮಡಗ್ಬುಟ್ಟು ಓಗು, ನೋಡ್ತೀನಿ."

ಭಾನು ಕಣ್ಣೊರೆಸಿಕೊಂಡು ಹೋದಳು. ಅವಳು ಬೀದಿ ತಿರುಗಿದ ಮೇಲೆ ಅಡುಗೆಮನೆಯ ಬಾಗಿಲಿನಿಂದ ಯಶೋದಮ್ಮ ಬಂದಳು. ರಾಗಿ ಡಬ್ಬದ ಹಿಂದಿನಿಂದ ತೆಗೆದ ಒಂದು ಬಟ್ಟೆಯ ಗಂಟನ್ನು ಲೇತಿನ ಮೇಲೆ ಬಿಚ್ಚಿಟ್ಟಳು. ಅವಳ ಹೆಸರಿನ ಭರಣಿ. ಅದೂ ಬಾಯಿಂದ ತಳದವರೆಗೆ ಸೀಳಿತ್ತು.

"ನಂದೂ ಒಲೆ ಪಕ್ಕ ಇತ್ತಾ?" ಎಂದಳು.

ಮಹಾಲಿಂಗ ತಲೆ ಎತ್ತಲಿಲ್ಲ. "ಯಾವಾಗಿಂದ?" ಎಂದ.

"ಕಾರ್ತೀಕ ಕಳ್ದಾಗಿಂದ. ಯೋಳಿದ್ರೆ ನೀವು ನೊಂದ್ಕತೀರಾ ಅಂತ ಸುಮ್ಕಿದ್ದೆ. ಆ ಕೂಸ್ ಮುಂದೆ ನೀವಂದ ಮಾತ ಕೇಳಿ ನಂಗೇ ನಾಚ್ಕೆ ಆಯ್ತು."

ಹೆಂಡತಿ ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ಅಷ್ಟು ಹೇಳಿ ಒಳಗೆ ಹೋದಳು.

ಆದರೂ ಮನುಷ್ಯ ಒಮ್ಮೆಗೇ ಬಾಗುವುದಿಲ್ಲ ನೋಡಿ. ಮಹಾಲಿಂಗ ಮೊದಲು ಹಿಡಿದದ್ದು ಅಡ್ಡದಾರಿ. ಚನ್ನಪಟ್ಟಣದ ಗುರುವಿನ ಮನೆಯಿಂದ ಬರುವಾಗ ತಂದು, ನೆನಪಿಗೆಂದು ಉಳಿ ಮುಟ್ಟಿಸದೆ ಇಟ್ಟಿದ್ದ ಒಂದು ಹಾಲೆಯ ತುಂಡು ಅಟ್ಟದ ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದಿತ್ತು, ಮೂಳೆಯ ಹಾಗೆ ಒಣಗಿ. ಅದನ್ನಿಳಿಸಿ ಹೊಸ ಭರಣಿ ಕಡೆದ, ಅಳತೆ, ಬಣ್ಣ ಎಲ್ಲವೂ ಹಳೆಯದರ ಹಾಗೇ. ಯಶೋದಮ್ಮ ಹೆಸರು ಬರೆದಳು. ಈ ಸಲ ಮರ ಚುಯ್ ಎನ್ನಲಿಲ್ಲ. ಅದನ್ನು ಚಿಕ್ಕನಿಂಗಮ್ಮನ ಕೈಗೆ ಕೊಟ್ಟು, "ಸರಿ ಮಾಡಿವ್ನಿ, ಬೀಗ್ರ ಮನೇಲಿ ತೋರ್ಸಿ" ಎಂದ. ಹೊಸದು ಎಂದು ಹೇಳಲಿಲ್ಲ.

ಚಿಕ್ಕನಿಂಗಮ್ಮ ಚಂದಕವಾಡಿಗೆ ಹೋದವಳು ಸಂಜೆಯ ಬಸ್ಸಿಗೇ ವಾಪಸ್ಸಾದಳು. ನೇರ ಇಳಿಜಾರಿಗೆ ಬಂದು ಭರಣಿಯನ್ನು ಅವನ ಮುಂದೆ ಇಟ್ಟಳು.

"ಮಾಲಿಂಗಾ, ಇದು ಬ್ಯಾರೇದು ಅಂತ ಆ ಎಂಗ್ಸು ಕಣ್ಣಾಕಿದ ಗಳಿಗೇಲೇ ಅಂದ್ಬುಟ್ಲು. ಅದೃಷ್ಟನೂ ಸೀಳಿತ್ತು, ಈಗ ಮೋಸನೂ ಕಲ್ತ್ರಾ ಅಂತ ಬೀದಿಗ್ ಕೇಳಂಗೆ ಕೂಗುದ್ಲು. ನೀನ್ಯಾಕಪ್ಪ ನಂಗ್ ಯೋಳ್ನಿಲ್ಲ?"

ಅವಳಿಗೆ ಅವನ ಮೇಲೆ ಇನ್ನೂ ಅನುಮಾನವಿರಲಿಲ್ಲ. ಉಪಕಾರ ಮಾಡಲು ಹೋಗಿ ಎಡವಟ್ಟು ಮಾಡಿದ ಎಂದಷ್ಟೇ ಅವಳ ಸಿಟ್ಟು. ಮಹಾಲಿಂಗನಿಗೆ ಕುಳಿತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಒಂದು ಸುಳ್ಳನ್ನು ಇನ್ನೊಂದರಲ್ಲಿ ಮುಚ್ಚಿ, ಆ ಹುಡುಗಿಯನ್ನು ಮೊದಲಿಗಿಂತ ಆಳಕ್ಕೆ ನೂಕಿದ್ದ.

ಸಂಘದ ಸಭೆ ವಾರಕ್ಕೊಮ್ಮೆ ಅಂಗನವಾಡಿಯ ಜಗಲಿಯಲ್ಲಿ. ಆ ವಾರ ಮಹಾಲಿಂಗ ಅಲ್ಲಿಗೆ ಹೋಗಿ ನಿಂತ. ಹೆಂಗಸರು ಸೆರಗು ಸರಿಮಾಡಿಕೊಂಡು ನೋಡಿದರು. ನೀರಿನ ವಿಷಯವೇನೋ ಎಂದುಕೊಂಡರು.

"ನಾನೊಂದ್ ತೆಪ್ಪು ಮಾಡಿವ್ನಿ" ಎಂದ. "ಗೌರಿ ಅಬ್ಬಕ್ಕೆ ನಿಮ್ಗೆಲ್ಲ ಕೊಟ್ನಲ್ಲ ಭರಣಿ, ಅದು ಅಸಿ ಮರ. ಒಣಗಿದ್ದು ಇರ್ನಿಲ್ಲ. ಇಲ್ಲ ಅನ್ನಕ್ಕೆ ನಾಚ್ಕೆಯಾಗಿ ಕಡ್ಡುಬುಟ್ಟೆ. ನನ್ನೆಡ್ತೀದು ಸೀಳದೆ. ನಿಮ್ಮವೂ ಸೀಳಿರ್ತವೆ. ಅದು ಯಾರ ಅಣೇಬರಾನೂ ಅಲ್ಲ. ನನ್ ಕಳ್ಳ ಕೆಲ್ಸ."

ಭಾನುವಿನ ಹೆಸರು ಎತ್ತಲಿಲ್ಲ. ಬೈಗುಳ ಬೀಳುತ್ತದೆ ಎಂದು ತಲೆ ತಗ್ಗಿಸಿ ಕಾದ. ಬಿದ್ದದ್ದು ಬೈಗುಳವಲ್ಲ.

"ನಂದೇನ್ ಸೀಳಿಲ್ಲ ಕಣಪ್ಪ" ಎಂದಳು ಮಹಾಲಕ್ಷ್ಮಮ್ಮ. "ದಿನಾ ಅದ್ರಲ್ಲೇ ಕುಂಕ್ಮ ಇಕ್ಕತೀನಿ."

"ನಂದೂ ಎಂಗಿತ್ತೋ ಅಂಗೇ ಅದೆ" ಎಂದಳು ಪಕ್ಕದವಳು.

"ನಮ್ದೂ ನೆಟ್ಟಗದೆ."

"ತುಂಬಿದ್ ಮನೆ ಎಂಗುಸ್ರು ಮುಂದೆ ಸೀಳ್ತು ಗೀಳ್ತು ಅಂತ ಯಾಕಪ್ಪ ಅಂದೀಯೆ? ಓಗು, ನೀರ್ ಬುಡೋಗು."

ಒಬ್ಬಳದೂ ಸೀಳಿರಲಿಲ್ಲವಂತೆ. ಯಶೋದಮ್ಮ ಗಂಡನ ಮುಖ ನೋಡಿದಳು, ಅವನು ನೆಲ ನೋಡಿದ. ತಪ್ಪು ಒಪ್ಪಿಕೊಳ್ಳಲು ಹೋದವನು ಹುಚ್ಚನ ಹಾಗೆ ಜಗಲಿ ಇಳಿದು ಬಂದ. ಸುದ್ದಿ ಅವನಿಗಿಂತ ಮೊದಲೇ ಟೀ ಅಂಗಡಿ ತಲುಪಿತ್ತು. ಅಲ್ಲಿ ಕುಳಿತಿದ್ದ ನಿಂಗಯ್ಯ, ಮಹಾಲಿಂಗನ ಜೊತೆ ಗೋಲಿಯಾಡಿ ಬೆಳೆದವನು, ಬಿಡುತ್ತಾನೆಯೇ?

"ಏನ್ಲಾ ಮಾಲಿಂಗ, ನಲ್ಲೀಲಿ ಬುಡೋ ನೀರು ಸಾಲ್ದು ಅಂತ ಭರಣೀಲೂ ಬುಟ್ಟಿದ್ಯಂತಲ್ಲಾ! ನನ್ ಮರ ಸೀಳಲ್ಲ, ಸೀಳಲ್ಲ ಅಂತ ನಮ್ ಕಿವೀನೇ ಸೀಳ್ಬುಟ್ಟಿದ್ದೆ ಕಣ್ಲಾ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮಹಾಲಿಂಗನಿಗೆ ಆ ನಗು ಒಂದು ಲೆಕ್ಕಕ್ಕೆ ಹಾಯೆನಿಸಿತು. ಅಷ್ಟಾದರೂ ಯಾರೋ ನಂಬಿದ್ದರು.

ಮಾರನೆಯ ಬೆಳಗ್ಗೆ ಮೇಲಿನ ಬೀದಿಗೆ ನೀರು ಬಿಡಲು ಹೋದಾಗ ಒಬ್ಬಳು ಬಿಂದಿಗೆ ಇಳಿಸುವ ನೆಪದಲ್ಲಿ ಅವನ ಪಕ್ಕ ಬಗ್ಗಿದಳು. ಬಿಂದಿಗೆಯ ಬಾಯೊಳಗಿಂದ ಬಟ್ಟೆಯ ಸಣ್ಣ ಗಂಟು ತೆಗೆದು ಅವನ ಚೀಲಕ್ಕೆ ತುರುಕಿದಳು. "ಯಾರ್ಗೂ ಯೋಳ್ಬ್ಯಾಡ ಕಣ" ಎಂದಳು. ಮುಂದಿನ ನಲ್ಲಿಯಲ್ಲಿ ಇನ್ನೊಂದು ಗಂಟು, ಅದೇ ಮಾತು. ಒಬ್ಬಳು ಹಾಲಿನ ಪಾತ್ರೆಯಲ್ಲಿ ತಂದಳು. ಒಬ್ಬಳು ಬೇಲಿಯ ಮೇಲಿಂದ ಎಸೆದಳು. ಮಧ್ಯಾಹ್ನ ಇಳಿಜಾರಿಗೆ ಬಂದರೆ ಮರದ ಹೊಟ್ಟಿನ ರಾಶಿಯೊಳಗೆ ಯಾರೋ ಹೂತಿಟ್ಟು ಹೋದ ಒಂದು. ಎರಡು ದಿನ ಬಿಟ್ಟು ಮಹಾಲಕ್ಷ್ಮಮ್ಮನೇ ಬಂದಳು. ಯಶೋದಮ್ಮನಿಗೆ ಗೊಜ್ಜು ಕೊಡುವ ನೆಪ. ಗೊಜ್ಜಿನ ಬಟ್ಟಲ ಕೆಳಗೆ ಭರಣಿ.

ಪ್ರತಿಯೊಬ್ಬಳೂ ತನ್ನದೊಂದೇ ಸೀಳಿದೆ ಎಂದುಕೊಂಡಿದ್ದಳು. ಪ್ರತಿಯೊಬ್ಬಳೂ ತನ್ನ ಯಾವ ತಪ್ಪಿಗೆ ಇದು ಎಂದು ತಿಂಗಳುಗಟ್ಟಲೆ ಒಳಗೇ ಬೆಂದಿದ್ದಳು. ಆ ಗಂಟುಗಳನ್ನು ಮಹಾಲಿಂಗ ಒಂದೊಂದಾಗಿ ಬಿಚ್ಚಿ ಸಾಲಾಗಿ ಇಟ್ಟ. ಎಲ್ಲವೂ ಒಂದೇ ಸೀಳು, ಮೇಲಿಂದ ಕೆಳಕ್ಕೆ, ಗೆರೆ ಹರಿದ ದಾರಿಯಲ್ಲೇ. ಯಾರೂ ದೂರು ತಂದಿಲ್ಲ ಎಂದು ಸಂಕ್ರಾಂತಿಯಲ್ಲಿ ತಾನು ನಿರಾಳವಾದದ್ದು ನೆನಪಾಗಿ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಇವ್ನೆಲ್ಲ ಚಂದಕವಾಡಿಗ್ ತಕ್ಕಂಡ್ ಓಯ್ತೀನಿ" ಎಂದ ಹೆಂಡತಿಗೆ. "ಆದ್ರೆ ಯಾರ್ಗೂ ಯೋಳಲ್ಲ ಅಂತ ಒಬ್ಬೊಬ್ರಿಗೂ ಮಾತು ಕೊಟ್ಬುಟ್ಟಿವ್ನಿ."

"ನೀವ್ ಕೊಟ್ಟಿರೋದು. ನಾನ್ ಕೊಟ್ಟಿಲ್ಲ" ಎಂದಳು ಯಶೋದಮ್ಮ. ಸೆರಗು ಸಿಕ್ಕಿಸಿಕೊಂಡು ಮನೆ ಮನೆಗೆ ಹೊರಟಳು. ಮೊದಲು ಹೋದದ್ದು ಮಹಾಲಕ್ಷ್ಮಮ್ಮನ ಮನೆಗೆ. ಭಾನುವಿನ ಪಾಡು ಹೇಳಿದಳು. ಎಲ್ಲರ ಮನೆಯದೂ ಸೀಳಿದೆ ಎಂದಳು. ಮಹಾಲಕ್ಷ್ಮಮ್ಮ ಬಾಯಿ ಮೇಲೆ ಕೈಯಿಟ್ಟಳು.

"ಅಯ್ಯೋ ನಿನ್ ಮನೆ ಕಾಯ್ವೋಗ! ನಂದೊಂದೇ ಅನ್ಕಂಡು ನಾನು ಬೆಟ್ಟದ್ ಮಾದಪ್ಪಂಗೆ ಹರಕೆ ಹೊತ್ತಿವ್ನಿ ಕಣೆ!" ಎಂದವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತ ಮೇಲೆ, "ಆ ಕೂಸು ಒಬ್ಳೇ ಸುಟ್ಕತಾ ಕುಂತದಲ್ಲ" ಎಂದಳು. "ನನ್ ಎಸ್ರಿರೋದ್ನೇ ಮ್ಯಾಲ್ಗಡೆ ಮಡಗು ಅನ್ನು ನಿನ್ ಗಂಡಂಗೆ." ಅಧ್ಯಕ್ಷೆ ಹೂಂ ಎಂದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಹೂಂ ಎಂದರು.

ಗಂಡ ಹೆಂಡತಿ ಇಬ್ಬರೂ ಬಸ್ಸು ಹತ್ತಿದರು. ಚೀಲ ಮಹಾಲಿಂಗನ ತೊಡೆಯ ಮೇಲೆ. ರಸ್ತೆಯ ಗುಂಡಿ ಬಂದಾಗಲೆಲ್ಲ ಅದು ಕಟಕಟ ಎನ್ನುತ್ತಿತ್ತು. "ಏನಪ್ಪಾ ಅದು, ಬುಗುರಿಯಾ?" ಎಂದು ಪಕ್ಕದವನು ಕೇಳಿದ. ಮಹಾಲಿಂಗ ಕಿಟಕಿಯ ಕಡೆ ತಿರುಗಿದ. ಚಾಮರಾಜನಗರದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯುವಾಗ, ಹಿಂದಕ್ಕೆ ಹೋಗುವ ಬಸ್ಸೂ ಅಲ್ಲೇ ನಿಂತಿತ್ತು. ಅವನ ಕಾಲು ಒಂದು ಗಳಿಗೆ ಅತ್ತ ತಿರುಗಿದ್ದನ್ನು ಯಶೋದಮ್ಮ ಕಂಡಳು. ಚೀಲದ ಒಂದು ಹಿಡಿಯನ್ನು ತಾನು ಹಿಡಿದುಕೊಂಡಳು.

ಚಂದಕವಾಡಿಯಲ್ಲಿ ಈರಮ್ಮ ಜಗಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಒಳಬಾಗಿಲ ಹತ್ತಿರ ಮಂಚದ ಮೇಲೆ ಶಿವಮಲ್ಲು, ಕಾಲಿಗೆ ಬಿಳಿಯ ಪಟ್ಟಿ.

"ನಾನು ತೆರಕಣಾಂಬಿ ಮಾಲಿಂಗ. ನಿಮ್ ಸೊಸೆ ಭರಣಿ ಮಾಡ್ದೋನು" ಎಂದ.

"ಓಹೋ! ಒಸದ್ನೂ ನೀನೇ ಮಾಡ್ದೋನಾ? ಮೊದ್ಲು ಬೀಗಿತ್ತಿ ಬಂದ್ಲು, ಈಗ ಮಾಡ್ದೋನೇ ಬಂದ. ನಾಳೆ ಮರನೇ ಎದ್ ಬತ್ತದೇನೋ!"

ಮಹಾಲಿಂಗ ಜಗಲಿಯ ಕೆಳಗೆ ನೆಲದ ಮೇಲೆ ಕುಳಿತು ಚೀಲ ಬಿಚ್ಚಿ ಒಂದೊಂದೇ ಭರಣಿಯನ್ನು ಜಗಲಿಯ ಅಂಚಿಗೆ ಇಡುತ್ತ ಹೋದ. ಮಹಾಲಕ್ಷ್ಮಮ್ಮನದು ಮೊದಲು. ಆಮೇಲೆ ಇನ್ನೊಂದು, ಇನ್ನೊಂದು. ಕೊನೆಗೆ ಯಶೋದಮ್ಮನದು, ಅದರ ಪಕ್ಕ ಭಾನುವಿನ ಹಳೆಯದು. ಎಲ್ಲದರ ಸೀಳನ್ನೂ ಈರಮ್ಮನ ಕಡೆಗೇ ತಿರುಗಿಸಿ ಇಟ್ಟ. ಅಕ್ಕಪಕ್ಕದ ಹೆಂಗಸರು ಬಂದು ಗೋಡೆಗೊರಗಿದರು. ಅವರೆಕಾಯಿ ಸುಲಿಯುತ್ತಿದ್ದ ಕೈ ನಿಂತಿತು.

"ಒಂದೇ ಅಬ್ಬಕ್ಕೆ ಕೊಟ್ಟವು ಅವ್ವ. ಎಲ್ಲಾ ಅಸಿ ಮರ. ಗೊತ್ತಿದ್ದೇ ಕಡ್ದೆ. ನನ್ನೆಡ್ತಿ ಬ್ಯಾಡ ಅಂದ್ಲು, ಕೇಳ್ನಿಲ್ಲ. ಒಣಗಾಳಿಗೆ ಸೀಳವೆ. ನಿಮ್ ಸೊಸೆ ನನ್ತಾವ್ ಬಂದು, ಒಲೆ ಬಿಸಿ ತಾಕ್ತೇನೋ, ನಂದೇ ತೆಪ್ಪೇನೋ ಅಂತ ಕೇಳ್ತು. ನಾನು ಊಂ ಅಂದೆ." ಭಾನುವಿನ ಭರಣಿಯ ಸೀಳಿನ ಮೇಲೆ ಬೆರಳಿಟ್ಟ. "ಆ ಕೂಸು ಅಳ್ತಿತ್ತು. ನಾನು ಊಂ ಅಂದೆ."

ಮಂಚದ ಮೇಲಿಂದ ಶಿವಮಲ್ಲು ಕತ್ತು ಚಾಚಿ ಆ ಸಾಲು ನೋಡಿದ.

"ಅವ್ವಾ, ನಿನ್ ಲೆಕ್ಕದಲ್ಲಿ ತೆರಕಣಾಂಬೀಲಿ ಒಬ್ ಗಂಡ್ಸೂ ನೆಟ್ಟಗ್ ನಡೀಬಾರ್ದು ಈಗ" ಎಂದ.

ಗೋಡೆಯ ಹತ್ತಿರದ ಹೆಂಗಸೊಬ್ಬಳು 'ಕಿಸಕ್' ಎಂದಳು. ಈರಮ್ಮ ನಗಲಿಲ್ಲ. "ಮುಚ್ಲಾ ಬಾಯಿ. ಆವತ್ ಸುಮ್ನೆ ಮಲ್ಗಿದ್ಯಲ್ಲ, ಈಗೇನ್ ಮಾತು" ಎಂದಳು ಮಗನಿಗೆ. ಶಿವಮಲ್ಲು ಗೋಡೆಯ ಕಡೆ ಹೊರಳಿದ. ಆಮೇಲೆ ಅವಳು ಮಹಾಲಿಂಗನ ಕಡೆ ತಿರುಗಿದಳು. ಬೈದಳು. ಅವನ ಕೈ ಬೈದಳು, ಕಸುಬು ಬೈದಳು, ಮುತ್ತೈದೆಯರ ಸಾಮಾನಿನಲ್ಲಿ ಕಳ್ಳಾಟ ಆಡಿದ ಅವನ ವಂಶವನ್ನೆಲ್ಲ ಬೈದಳು. ಅವನು ಕೈಕಟ್ಟಿಕೊಂಡು ಕೇಳಿದ. ಬೈದು ಬೈದು ದಣಿದ ಮೇಲೆ ಅವಳ ಧ್ವನಿ ಇದ್ದಕ್ಕಿದ್ದಂತೆ ಇಳಿಯಿತು.

"ನೀನ್ ಮಾಡಿದ್ ಕೆಲ್ಸಕ್ಕೆ ನನ್ ಬಾಯಲ್ಲಿ ಆ ಉಡ್ಗಿಗೆ ಏನೇನ್ ಅನ್ನಿಸ್ಬುಟ್ಟಪ್ಪಾ" ಎಂದಳು. "ನಾನ್ ಯಾವ್ ಮೊಕ ಇಟ್ಕಂಡ್ ಅವ್ಳ ಕರೀಲಿ?"

ಮಹಾಲಿಂಗನಿಗೇ ಮುಖವಿರಲಿಲ್ಲ. ಯಶೋದಮ್ಮ ಜಗಲಿ ಹತ್ತಿ, ಈರಮ್ಮನ ಎದುರು ಕುಳಿತು, ಮೊರ ಎಳೆದುಕೊಂಡು ಅವರೆಕಾಯಿ ಸುಲಿಯತೊಡಗಿದಳು. ಇಬ್ಬರೂ ಸೇರಿ ಮೊರ ಮುಗಿಸಿದರು.

ಆ ವಾರ ಕಳೆಯುವುದರೊಳಗೆ ಈರಮ್ಮ ತೆರಕಣಾಂಬಿಗೆ ಬಂದಳು. ಚಿಕ್ಕನಿಂಗಮ್ಮನ ಜಗಲಿಯ ತುದಿಯಲ್ಲಿ ಕುಳಿತಳು, ಒಳಗೆ ಬರಲಿಲ್ಲ, ಕೊಟ್ಟ ನೀರನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು. ತಪ್ಪಾಯಿತು ಎನ್ನಲಿಲ್ಲ. ಅತ್ತೆಯ ಬಾಯಿಗೆ ಆ ಮಾತು ಬರುವುದು ಕಷ್ಟ. "ಅವ್ನು ನಾನ್ ಮಾಡಿದ್ ಸಾರು ಸಪ್ಪೆ ಅಂತಾನೆ ಕಣಮ್ಮಿ. ಬಂದ್ ನೀನೇ ಮಾಡ್ ಇಕ್ಕು ಬಾ" ಎಂದು ನೆಲ ನೋಡುತ್ತ ಹೇಳಿದಳು. ಭಾನು ಬಾಗಿಲ ಮರೆಯಲ್ಲಿ ಬಹಳ ಹೊತ್ತು ನಿಂತಿದ್ದಳು. ಆಮೇಲೆ ಟ್ರಂಕು ತೆಗೆದಳು.

ಬಸ್ಸು ಬರುವ ಮೊದಲು ಒಬ್ಬಳೇ ಇಳಿಜಾರಿಗೆ ಬಂದಳು. ಮಹಾಲಿಂಗ ಗಡಬಡಿಸಿ ಎದ್ದು ಗೂಡಿನಿಂದ ಹೊಸ ಭರಣಿ ತೆಗೆದು ಹಿಡಿದ. ಅವಳು ಕೈ ಚಾಚಲಿಲ್ಲ.

"ಆವತ್ತೇ ಯೋಳ್ಬೋದಿತ್ತಲ್ಲಣ್ಣ" ಎಂದಳು. ಸಿಟ್ಟಿನ ಧ್ವನಿಯಲ್ಲ. ಸಿಟ್ಟಾಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ. "ಆಮ್ಯಾಕೆ ಎಲ್ಲರ್ ಮುಂದೆ ಯೋಳಿದ್ರಿ, ಸರಿ. ನಾನ್ ಒಬ್ಳೇ ಬಂದ್ ಕೇಳುದ್ನಲ್ಲ, ಆವತ್ತು. ಆಮ್ಯಾಕೆ ದಿನಾ ರಾತ್ರಿ ಆ ಒಲೆ ನೆಪ್ಪು ಮಾಡ್ಕಂಡು ನನ್ನ ನಾನೇ ಬೈಕತಿದ್ದೆ."

ಮಹಾಲಿಂಗ ಭರಣಿ ಹಿಡಿದ ಕೈಯನ್ನು ಕೆಳಗಿಳಿಸಿದ. "ಇದು ಒಣಗಿದ್ ಮರ ಕಣವ್ವ" ಎಂದ, ಹೇಳಲು ಬೇರೇನೂ ತೋಚದೆ. "ಬೇಕಾದಷ್ಟು ಬೇಸ್ಗೆ ಕಂಡದೆ."

"ಅದು ನೀವ್ ಯೋಳೋ ಮಾತು" ಎಂದಳು ಭಾನು. "ಇರ್ಲಿ. ಇಲ್ಲೇ ಇರ್ಲಿ. ಈ ಬೇಸ್ಗೆ ಕಳೀಲಿ, ನಾನೂ ನೋಡ್ತೀನಿ."

ಭರಣಿ ಗೂಡಿನಲ್ಲೇ ಉಳಿಯಿತು, ಲೇತಿಗೆ ಕುಳಿತರೆ ಕಣ್ಣಿಗೆ ನೇರ ಬೀಳುವ ಜಾಗದಲ್ಲಿ. ಬಂದವರು ಎತ್ತಿ ನೋಡುತ್ತಿದ್ದರು. "ಭಾನು ಅಂತದೆ, ಯಾಕ್ ಕೊಟ್ಟಿಲ್ಲ ಇದ?" ಎನ್ನುತ್ತಿದ್ದರು. ಮೊದಮೊದಲು ಅವನು ಮಾತು ಮರೆಸುತ್ತಿದ್ದ. ಆಮೇಲೆ, "ಆ ಕೂಸ್ಗೆ ಒಂದ್ ಸಲ ಸುಳ್ ಯೋಳಿದ್ದೆ. ನಂಬ್ಕೆ ಬಂದ್ಮ್ಯಾಲೆ ತಕ್ಕತದೆ" ಎಂದು ಹೇಳಲು ಕಲಿತ. ಒಮ್ಮೊಮ್ಮೆ ಹೇಳುವಾಗಲೂ ಕಿವಿ ಬಿಸಿಯಾಗುತ್ತಿತ್ತು. ಗುಂಡ್ಲುಪೇಟೆಯ ಅಂಗಡಿಯವನು ದೊಡ್ಡ ಆರ್ಡರು ತಂದಾಗ, "ಮರ ಇಲ್ಲ" ಎಂದ. ಅವನು ಮುಖ ಸಿಂಡರಿಸಿಕೊಂಡು ಹೋದ. ಸಂಘದ ಹೆಂಗಸರಿಗೆ ಮರ ಒಣಗಿದ ಹಾಗೆ ಒಂದೊಂದೇ ಭರಣಿ ಮಾಡಿ ಕೊಡುತ್ತ ಬಂದ. ನನ್ ಮರ ಸೀಳಲ್ಲ ಎನ್ನುವ ಮಾತು ಆಮೇಲೆ ಅವನ ಬಾಯಲ್ಲಿ ಯಾರೂ ಕೇಳಲಿಲ್ಲ. ನಿಂಗಯ್ಯ ಎಷ್ಟು ಕೆಣಕಿದರೂ ಬರಲಿಲ್ಲ.

ಆ ಬೇಸಿಗೆ ಜೋರಾಗಿತ್ತು. ಬೋರುಗಳ ನೀರು ತಳ ಕಂಡಿತು, ಹೆಂಚು ಕಾದು ಇಳಿಜಾರು ಒಲೆಯಾಯಿತು. ಅವನು ಒಂದು ದಿನವೂ ಆ ಭರಣಿಯನ್ನು ನೆರಳಿಗೆ ಸರಿಸಲಿಲ್ಲ.

ಮತ್ತೆ ಗೌರಿ ಹಬ್ಬ ಬಂತು. ಭಾನು ತವರಿಗೆ ಬಂದವಳು ಇಳಿಜಾರಿಗೂ ಬಂದಳು. ಗೂಡಿನಿಂದ ಭರಣಿ ತೆಗೆದು ಬಾಗಿಲ ಬೆಳಕಿಗೆ ಹಿಡಿದು ಸುತ್ತ ತಿರುಗಿಸಿ ನೋಡಿದಳು. ತನ್ನ ಹೆಸರಿನ ಮೇಲೆ ಬೆರಳಾಡಿಸಿದಳು. ಕೆನ್ನೆಗೆ ಒತ್ತಿ ನಿಂತಳು. ಯಶೋದಮ್ಮ ಹೇಳಿಕೊಟ್ಟಿರಬೇಕು. ಮುಚ್ಚಳ ತೆಗೆದಳು. ಪುಕ್ ಎಂದಿತು.

ಮಹಾಲಿಂಗ ಉಳಿ ಹಿಡಿದುಕೊಂಡು, ತಿರುಗದ ಲೇತನ್ನೇ ನೋಡುತ್ತಿದ್ದ.

ಭಾನು ಭರಣಿಯನ್ನು ಸೆರಗಿನ ತುದಿಗೆ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಾಗಿಲ ಹತ್ತಿರ ಹೋಗಿ ನಿಂತಳು.

"ನಾಳೆ ನಮ್ ಬೀದಿಗೆ ನೀರ್ ಯಾವಾಗ್ ಬುಡ್ತೀರಣ್ಣ? ಅಬ್ಬ ಅಲ್ವಾ, ಅವ್ವ ಕೇಳ್ಕಂಡ್ ಬಾ ಅಂದ್ಲು."

"ಒತ್ತಾರೆನೇ ಬುಡ್ತೀನಿ ಕಣವ್ವ" ಎಂದ ಮಹಾಲಿಂಗ. "ಮೊದ್ಲು ನಿಮ್ ಬೀದಿಗೇ ಬುಡ್ತೀನಿ."

"ಊಂ" ಎಂದಳು ಭಾನು.